ಗಾಣದ ಮನೆಯ ಮುಂದೆ ಬದಲಾದ ಲಯ

ಕಳೆದ ಚಳಿಗಾಲದಲ್ಲಿ ಶಿವಮೊಗ್ಗೆಯ ಸ್ನೇಹಿತೆಯೊಬ್ಬರ ಮನೆಯಲ್ಲಿ ಕುಳಿತಿದ್ದಾಗ ರೇಡಿಯೋದಲ್ಲಿ ಪಶ್ಚಿಮದ ಸಂಗೀತ ಬರುತ್ತಿತ್ತು. ಬಾಸ್ಕ್ ನಾಡಿನ ವಾದ್ಯವೃಂದದ ರಚನೆಯೊಂದನ್ನು ಈಗ ಕೇಳಲಿದ್ದೀರಿ ಎಂದ ಉದ್ಘೋಷಕರು ಅದರ ಜಾತಕವನ್ನು ಮೂರು ಮಾತಿನಲ್ಲಿ ಮುಗಿಸಿದರು: ಗತಿ ಚುರುಕು, ಶ್ರುತಿ ಜಿ ಮೇಜರ್, ಭಾವ ಹಬ್ಬದ ಉಲ್ಲಾಸ. ಮೊದಲ ನಾಲ್ಕು ಸ್ವರ ಕೇಳುತ್ತಲೇ ನಾನು ಎದ್ದು ನಿಂತೆ. ಸ್ನೇಹಿತೆ ಗಾಬರಿಯಾಗಿ ಏನಾಯಿತೆಂದು ಕೇಳಿದರು. ಆ ಮೂರು ಮಾತಿನಲ್ಲಿ ಒಂದೂ ಸುಳ್ಳಲ್ಲ, ಆದರೆ ಅವು ನಿಜವಾಗಬೇಕಾದರೆ ಎಷ್ಟು ಬೆಲೆ ತೆರಬೇಕಾಯಿತೆಂಬುದು ರೇಡಿಯೋದವರಿಗೆ ಗೊತ್ತಿಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅವರಿಗಾಗಿ, ಮತ್ತು ಮರೆವನ್ನೇ ಶಾಂತಿಯೆಂದು ತಿಳಿದಿರುವ ಇನ್ನೂ ಅನೇಕರಿಗಾಗಿ, ಮೂವತ್ತೆಂಟನೆಯ ಇಸವಿಯ ಬೇಸಿಗೆಯನ್ನು ಬರೆದಿಡುತ್ತಿದ್ದೇನೆ.

ಆಗ ನಾನು ನ್ಯಾಮತಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ಮೈಸೂರಿನಲ್ಲಿ ಓದಿ, ಮನುಷ್ಯರೆಲ್ಲ ಸಮಾನರೆಂಬ ಮಾತನ್ನು ಪುಸ್ತಕದಿಂದ ಕಂಠಪಾಠ ಮಾಡಿಕೊಂಡು ಬಂದವಳು. ಬಂದ ದಿನವೇ ಶಾಲೆಯ ಜಗಲಿಯ ಮೇಲೆ ಬಿಸಿಲಿಗೆ ಮುಖವೊಡ್ಡಿ ಕುಳಿತ ಮಕ್ಕಳನ್ನು ಕಂಡೆ. ತಡವಾಗಿ ಬಂದುದಕ್ಕೆ ಶಿಕ್ಷೆಯಾಗಿರಬೇಕು ಎಂದುಕೊಂಡೆ. ವಿಚಾರಿಸಿದಾಗ ತಿಳಿಯಿತು, ಅವರು ಊರ ಅಗಸೆಬಾಗಿಲಿನ ಆಚೆಯ ಕೇರಿಯ ಹುಡುಗಿಯರು; ಅವರ ಜಾಗವೇ ಜಗಲಿ. ಕಿಟಕಿಯಿಂದ ಕೇಳಿಸಿದಷ್ಟು ಪಾಠ ಅವರದು. ಮರುದಿನ ಅವರನ್ನು ಒಳಗೆ ಕೂರಿಸಿದೆ. ಪೇಟೆಯ ಮನೆಗಳ ಹುಡುಗಿಯರು ಶಾಲೆ ಬಿಟ್ಟರು. ಬೇಸಾಯದ ಮನೆಗಳವರು ಒಬ್ಬೊಬ್ಬರಾಗಿ ಮರಳಿದರು, ವರ್ತಕರ ಮನೆಗಳವರು ಮರಳಲಿಲ್ಲ. ಶಾಲಾ ತನಿಖೆಗೆ ಬಂದ ಅಧಿಕಾರಿಗಳು ಹಾಜರಿ ಕಡಿಮೆಯಾದುದಕ್ಕೆ ನನ್ನನ್ನು ತರಾಟೆಗೆ ತೆಗೆದುಕೊಂಡರೇ ಹೊರತು ಜಗಲಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅನ್ಯಾಯಕ್ಕೆ ಹಾಜರಿ ಹಿಡಿಯುವವರು ನಮ್ಮ ಇಲಾಖೆಯಲ್ಲಿ ಇರಲಿಲ್ಲ.

ಹಾಗೆ ಒಳಗೆ ಬಂದವರಲ್ಲಿ ದೊಡ್ಡವಳು ದುರುಗವ್ವ. ಅವಳ ಅಪ್ಪ ಕೆಂಚಪ್ಪ ಹಲಗೆ ಬಾರಿಸುವವನು. ಪೇಟೆಯ ಯಾವ ದೊಡ್ಡ ಮನೆಯಲ್ಲಿ ಸಾವಾದರೂ ಹೆಣದ ಮುಂದೆ ಅವನ ಹಲಗೆ ನಡೆಯಬೇಕು. ದುರುಗವ್ವ ಓದುವುದರಲ್ಲಿ ನಿಧಾನ, ಪ್ರಶ್ನೆ ಕೇಳುವುದರಲ್ಲಿ ಚುರುಕು. ಅವಳು ಇನ್ನೂ ಓದಬೇಕೆಂದು ನಾನು ಹಟ ಹಿಡಿದೆ. ಅವಳಿಗೆ ಹದಿನಾರು ತುಂಬಿತು, ಗಂಡು ನೋಡಿ ಆಯಿತು ಎಂದು ಅವಳ ತಾಯಿ ಹಟ ಹಿಡಿದಳು. ಆ ಜಗಳದಲ್ಲಿ ಸೋತವಳು ನಾನು.

ನನ್ನ ಮನೆ ಶಾಲೆಯ ಹಿಂದಿನ ಓಣಿಯಲ್ಲಿತ್ತು. ಅಲ್ಲಿ ನನಗಿದ್ದ ವೈಭವವೆಂದರೆ ಕೈಯಿಂದ ಕೀಲಿ ಕೊಡುವ ಒಂದು ಹಳೆಯ ಗ್ರಾಮಫೋನು, ಒಂದು ಹಾರ್ಮೋನಿಯಂ, ಒಂದೇ ಒಂದು ಪ್ಲೇಟು. ಮೈಸೂರಿನಲ್ಲಿ ನಮಗೆ ಇತಿಹಾಸ ಕಲಿಸಿದ ಉಪಾಧ್ಯಾಯಿನಿಯೊಬ್ಬರು ಇಂಗ್ಲೆಂಡಿನಿಂದ ಮರಳುವಾಗ ತಂದು ಕೊಟ್ಟ ಪ್ಲೇಟು ಅದು. ಸ್ಪೇನಿನ ಉತ್ತರಕ್ಕೆ ಬಾಸ್ಕ್ ಎಂಬ ಚಿಕ್ಕ ನಾಡಿದೆ, ಅಲ್ಲಿನ ಒಂದು ಊರಿನ ಮೇಲೆ ಸಂತೆಯ ದಿನ ಆಕಾಶದಿಂದ ಬಾಂಬು ಸುರಿದರು, ಬದುಕಿದ ಮಕ್ಕಳನ್ನು ಹಡಗಿನಲ್ಲಿ ತುಂಬಿ ಇಂಗ್ಲೆಂಡಿಗೆ ಕಳಿಸಿದರು, ಆ ಮಕ್ಕಳ ಸಹಾಯಕ್ಕಾಗಿ ನಡೆದ ಸಭೆಯಲ್ಲಿ ಇದನ್ನು ಮಾರುತ್ತಿದ್ದರು ಎಂದಷ್ಟೇ ಅವರು ಹೇಳಿದ್ದರು. ಪ್ಲೇಟಿನ ನಡುವಿನ ಕಾಗದ ಕಿತ್ತುಹೋಗಿ ಹೆಸರೇನೂ ಉಳಿದಿರಲಿಲ್ಲ. ನಾನು ಕೀಲಿ ಕೊಟ್ಟು ಮುಳ್ಳು ಇಟ್ಟರೆ ಎಲ್ಲೋ ನೆಲದಡಿಯಿಂದ ಏಳುವಂಥ ಭಾರವಾದ ನಾದ ಬರುತ್ತಿತ್ತು. ಹೆಣ ಹೊತ್ತವರು ಹೆಜ್ಜೆ ಎಣಿಸುತ್ತ ಏರು ಹತ್ತಿದಂತೆ. ಸತ್ತ ಊರಿಗಾಗಿ ಅತ್ತ ಸಂಗೀತ ಎಂದು ನಂಬಿದೆ. ನಂಬುವುದಕ್ಕೆ ಎಲ್ಲ ಕಾರಣವೂ ಇತ್ತು.

ಅದನ್ನು ಮೊದಲು ಕಿಟಕಿಯ ಹೊರಗೆ ನಿಂತು ಕೇಳಿದವರು ಇಮಾಂ ಸಾಹೇಬರು. ಅದೇ ಓಣಿಯಲ್ಲಿದ್ದ ಬ್ಯಾಂಡಿನ ಯಜಮಾನರು. ಕ್ಲಾರಿಯೊನೆಟ್ ಅವರದು, ಉಳಿದ ತುತ್ತೂರಿಗಳು ತಮ್ಮಂದಿರದು, ದೊಡ್ಡ ಡೋಲು ಬುಡೇನ್ ಸಾಬರದು. ಪೇಟೆಯ ಮದುವೆಗಳಿಗೆ ಕೆಂಪು ಕೋಟು ತೊಟ್ಟು ಅವರು ಮುಂದೆ ನಡೆಯದಿದ್ದರೆ ಮದುವೆಗೆ ಕಳೆಯಿಲ್ಲ. ಅದೇ ಮದುವೆಯ ಊಟಕ್ಕೆ ಮಾತ್ರ ಅವರ ಎಲೆ ದನದ ಕೊಟ್ಟಿಗೆಯ ಪಕ್ಕದಲ್ಲಿ. ಇದನ್ನೂ ಬರೆಯದೆ ಬಿಡುವಂತಿಲ್ಲ.

ಯಾರು ಸತ್ತರು ಎಂದು ಅವರು ಕೇಳಿದರು. ನಾನು ಆ ಸಂತೆಯ ಕಥೆ ಹೇಳಿದೆ. ಅವರು, "ಸಂತೆ ದಿವ್ಸ ಯಾರು ಯಾರನ್ನ ಹೊಡೀತಾರೆ ಟೀಚರಮ್ಮ? ಸಂತ್ಯಾಗೆ ವೈರಿನೂ ಬಂದು ಮೆಣಸಿನಕಾಯಿ ಕೊಳ್ತಾನೆ" ಎಂದರು. ಯುರೋಪಿನ ದೊರೆಗಳಿಗೆ ಹೊಳೆಯದ ಒಂದು ಕಾನೂನನ್ನು ನ್ಯಾಮತಿಯ ಸಂತೆ ಎಂದೋ ಜಾರಿಗೆ ತಂದಿತ್ತು.

ಆ ಸಂಗೀತವನ್ನು ಕಲಿಯಬೇಕೆಂದು ಅವರಿಗೆ ಹಂಬಲ ಹತ್ತಿತು. ಮದುವೆಯಿಲ್ಲದ ಮಧ್ಯಾಹ್ನಗಳಲ್ಲಿ ಬ್ಯಾಂಡಿನವರೆಲ್ಲ ನನ್ನ ಜಗಲಿಗೆ ಬರುತ್ತಿದ್ದರು. ನಾನು ಮುಳ್ಳು ಎತ್ತಿ ಇಳಿಸಿ ಒಂದೊಂದು ತುಣುಕನ್ನೇ ಕೇಳಿಸುವುದು, ಅವರು ಹಿಡಿಯುವುದು. ಷಡ್ಜ ಎಲ್ಲಿದೆ ಎಂದು ಹಾರ್ಮೋನಿಯಂ ಮೇಲೆ ಹುಡುಕಿದೆ. ಬಿಳಿ ಮನೆಗಳ ಸಾಲಿನ ಎರಡನೆಯದರಲ್ಲಿ, ವಾದಕರು ಬಿಳಿ ಎರಡು ಎನ್ನುವಲ್ಲಿ, ಸಿಕ್ಕಿತು. ಸ್ವರಗಳು ನಮ್ಮ ಶಂಕರಾಭರಣದವೇ, ಆದರೆ ತಾಳ ಐದರದು: ತಕ ತಕಿಟ, ತಕ ತಕಿಟ. ಬುಡೇನ್ ಸಾಬರು ಡೋಲು ಕೆಳಗಿಟ್ಟು ನನಗೆ ಫಿರ್ಯಾದಿ ಕೊಟ್ಟರು.

"ಮನುಷ್ಯಂಗೆ ಇರಾದೇ ಎರಡು ಕಾಲು. ಈ ಹಾಡಿಗೆ ಐದು ಅದಾವೆ. ಬೀದ್ಯಾಗೆ ಇದನ್ನ ನಡೆಸಾಕೆ ಹೋದ್ರೆ ಮದುಮಗ ಚರಂಡ್ಯಾಗೆ ಬೀಳ್ತಾನೆ."

"ಬೀಳೋನು ಯಾವ ತಾಳಕ್ಕೂ ಬೀಳ್ತಾನೆ, ನೀನು ಬಾರ್ಸು" ಎಂದರು ಇಮಾಂ ಸಾಹೇಬರು.

ಜಗಲಿಯ ಮೂಲೆಯಲ್ಲಿ ಕುಳಿತು ದುರುಗವ್ವ ದಿನವೂ ಕೇಳುತ್ತಿದ್ದಳು. ಆ ಜಗಲಿಯಲ್ಲಿ ಅವಳು ತಾನಾಗಿ ಬಂದು ಕುಳಿತವಳು, ಯಾರೂ ಕೂರಿಸಿದ್ದಲ್ಲ.

ಅವಳ ಮದುವೆ ಚೈತ್ರ ಕಳೆದ ಮೇಲೆ ಎಂದು ಗೊತ್ತಾಗಿತ್ತು. ಗಂಡು ಗೋವಿನಕೋವಿಯ ತಿಪ್ಪೇಶಿ, ಕೂಲಿ ಬೇಸಾಯದವನು. ತಾಳಿ ಬಿದ್ದ ಮೇಲೆ ಮದುಮಕ್ಕಳು ಕೇರಿಯಿಂದ ಹೊರಟು, ಪೇಟೆ ಬೀದಿಯ ಉದ್ದಕ್ಕೂ ನಡೆದು, ಆ ತುದಿಯ ಮಾರಮ್ಮನ ಗುಡಿಯ ಹೊರಗಲ್ಲಿಗೆ, ಬಾಗಿಲಾಚೆ ಹಾಸಿದ ಕಲ್ಲಿಗೆ, ಕೈಮುಗಿದು ಬರುವುದು ಅವರ ಪದ್ಧತಿ. ಹೊರಗಲ್ಲಿಗೆ ಏಕೆಂದರೆ ಒಳಗೆ ಬಿಡುತ್ತಿರಲಿಲ್ಲ. ಆ ದಾರಿಗೂ ಕಟ್ಟಳೆಯಿತ್ತು. ಅಗಸೆಯ ಬಳಿ ವಾದ್ಯ ನಿಲ್ಲಬೇಕು. ಮದುಮಗ, ಮದುಮಗಳು ಕೂಡ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯಬೇಕು. ಕಳ್ಳರಂತೆ ಬೀದಿ ದಾಟಿ, ಗುಡಿಯ ತಿರುವಿನ ನಂತರ ಮತ್ತೆ ವಾದ್ಯ. ಇದು ಸರ್ಕಾರದ ಹಣದಿಂದ ಕಲ್ಲು ಹಾಸಿದ ಬೀದಿ. ಆ ಕಲ್ಲನ್ನು ಹೊತ್ತವರೂ ಕೇರಿಯವರೇ.

ಒಂದು ದಿನ ಪಾಠ ಮುಗಿದ ಮೇಲೆ ದುರುಗವ್ವ ಹೋಗದೆ ನಿಂತಳು. ಏನೆಂದು ಕೇಳಿದೆ.

"ನಮ್ಮಪ್ಪ ಅವರ ಹೆಣದ ಮುಂದೆ ಹಲಗಿ ಬಾರ್ಸಿಕೊಂಡು ಹೋದ್ರೆ ಬೀದಿ ಮೈಲಿಗೆ ಆಗಲ್ಲ. ನನ್ನ ಮದ್ವೆ ವಾದ್ಯಕ್ಕೆ ಆಗ್ತೈತೆ. ಅದು ಹೆಂಗೆ ಟೀಚರಮ್ಮ?"

ಅವಳಿಗೆ ಬೇಕಾಗಿದ್ದದ್ದು ಉತ್ತರವಲ್ಲ. ತನ್ನ ಮದುವೆಯ ದಿನ ಅಗಸೆಯ ಬಳಿ ವಾದ್ಯ ನಿಲ್ಲಬಾರದು, ತನ್ನ ಚಪ್ಪಲಿ ತನ್ನ ಕಾಲಲ್ಲಿರಬೇಕು. ಬೇರೆ ಏನನ್ನೂ ಅವಳು ಯಾರಿಂದಲೂ ಕೇಳಲಿಲ್ಲ. ಇಮಾಂ ಸಾಹೇಬರು ಜಗಲಿಯ ಮೇಲೆ ಕ್ಲಾರಿಯೊನೆಟ್ಟಿನ ಪೀಪಿ ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡರು. ನಾವು ಬಾರಿಸುತ್ತೇವೆ ಎಂದರು. ಪೇಟೆಯ ಮನೆಗಳು ಮುನಿದರೆ ವರ್ಷವಿಡೀ ಅನ್ನಕ್ಕೆ ಕಲ್ಲು ಬೀಳುತ್ತದೆಂದು ಬುಡೇನ್ ಸಾಬರು ಎಚ್ಚರಿಸಿದರು, ಸುಳ್ಳೇನೂ ಹೇಳಲಿಲ್ಲ.

ನಾನು ನ್ಯಾಯ ಕೇಳಲು ಹೊನ್ನಾಳಿಗೆ ಬಸ್ಸು ಹತ್ತಿದೆ. ತಾಲ್ಲೂಕು ಕಚೇರಿಯ ಅಧಿಕಾರಿಗಳು ಸಭ್ಯರು, ಕುರ್ಚಿ ಹಾಕಿಸಿದರು. ಬೀದಿ ಎಲ್ಲರದು, ಅದರಲ್ಲಿ ಸಂದೇಹವೇ ಇಲ್ಲ ಎಂದರು. ಹಾಗಾದರೆ ಒಬ್ಬ ಪೇದೆಯನ್ನು ಕಳಿಸಿ ಎಂದೆ. ಊರ ಕಟ್ಟಳೆಗೆ ಸರ್ಕಾರ ಕೈಹಾಕುವ ಪದ್ಧತಿಯಿಲ್ಲ, ಶಾಂತಿ ಕೆಡುತ್ತದೆ ಎಂದರು. ಯಾರ ಶಾಂತಿ ಎಂದು ಕೇಳಿದ್ದಕ್ಕೆ ಅವರಿಗೆ ಬೇರೆ ಕೆಲಸ ನೆನಪಾಯಿತು. ಅಲ್ಲಿಂದ ಖಾದಿ ತೊಟ್ಟ ವಕೀಲರೊಬ್ಬರ ಮನೆಗೆ ಹೋದೆ. ಮೊದಲು ಸ್ವರಾಜ್ಯ ಬರಲಿ, ಇವೆಲ್ಲ ತಾವಾಗಿಯೇ ಉದುರಿಹೋಗುತ್ತವೆ ಎಂದು ಅವರು ನನ್ನನ್ನು ಸಮಾಧಾನಪಡಿಸಿದರು. ಪರರ ದಾಸ್ಯ ಮಾತ್ರ ದಾಸ್ಯ, ನಮ್ಮವರದು ಸಂಪ್ರದಾಯ ಎಂಬ ಆ ಜಾಣತನ ಆಗ ಎಷ್ಟು ಜನರಲ್ಲಿತ್ತು! ತುಂಗಭದ್ರೆಯ ದಂಡೆಯ ಮೇಲೆ ಮರಳುವ ಬಸ್ಸಿಗೆ ಕಾಯುತ್ತ ನಿಂತಾಗ ನದಿ ಬತ್ತಿ ಬಂಡೆಗಳೆಲ್ಲ ಬೆನ್ನು ತೋರಿಸುತ್ತಿದ್ದವು. ಊರೂ ಹಾಗೆಯೇ ಕಂಡಿತು.

ಮರಳಿ ಬಂದ ವಾರದಲ್ಲೇ ಗ್ರಾಮಫೋನಿನ ಸ್ಪ್ರಿಂಗು ಟಣ್ಣೆಂದು ಮುರಿಯಿತು. ಚನ್ನಗಿರಿಯ ಗಡಿಯಾರ ರಿಪೇರಿಯವರಿಗೆ ಕಳಿಸಿದೆ. ಹೊಸ ಸ್ಪ್ರಿಂಗು ಹಾಕಿಸಿಕೊಂಡು ಬಂದ ಪೆಟ್ಟಿಗೆಯ ಮೇಲೆ ಅದೇ ಪ್ಲೇಟು ಇಟ್ಟು ಮುಳ್ಳು ಇಳಿಸಿದಾಗ ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಹೆಣ ಹೊತ್ತವರು ಹೆಣ ಇಳಿಸಿ ಕುಣಿಯತೊಡಗಿದ್ದರು. ಕೊಳಲುಗಳು ಒಂದರ ಹಿಂದೊಂದು ಜಿಗಿಯುತ್ತಿದ್ದವು. ಭಾರವಾಗಿ ಕಾಲೆಳೆಯುತ್ತಿದ್ದ ಐದರ ತಾಳ ಈಗ ಅಂಗಳದಲ್ಲಿ ಕುಂಟಾಬಿಲ್ಲೆ ಆಡುವ ಹುಡುಗಿಯಂತೆ ಹಾರುತ್ತಿತ್ತು. ಹಾರ್ಮೋನಿಯಂ ಒತ್ತಿ ನೋಡಿದೆ. ಷಡ್ಜ ಬಿಳಿ ಎರಡರಲ್ಲಿ ಇರಲಿಲ್ಲ, ಬಿಳಿ ಐದಕ್ಕೆ, ಪಶ್ಚಿಮದವರು ಜಿ ಎನ್ನುವ ಮನೆಗೆ, ಏರಿತ್ತು. ದಣಿದ ಸ್ಪ್ರಿಂಗು ಇಡೀ ವಾದ್ಯವೃಂದವನ್ನು ಕೆಳಕ್ಕೆ ಎಳೆದು, ಅದರ ಷಡ್ಜವನ್ನು ಮಂದ್ರದ ಪಂಚಮದಲ್ಲಿ ಕೂರಿಸಿಬಿಟ್ಟಿತ್ತು. ನಾವು ಕಲಿತದ್ದು ಬಾಸ್ಕ್ ನಾಡಿನ ದುಃಖವನ್ನಲ್ಲ, ನನ್ನ ಪೆಟ್ಟಿಗೆಯ ಆಯಾಸವನ್ನು.

ಇಮಾಂ ಸಾಹೇಬರು ಒಪ್ಪಲಿಲ್ಲ. ಚನ್ನಗಿರಿಯವನು ಒಳ್ಳೆಯ ಪೆಟ್ಟಿಗೆಯನ್ನು ಕೆಡಿಸಿ ಕಳಿಸಿದ್ದಾನೆ, ಮೊದಲಿನದೇ ಸರಿ ಎಂದರು. ನಾನು ಯಂತ್ರದ ವಿಷಯ ವಿವರಿಸಿದಷ್ಟೂ ಅವರ ಹಟ ಹೆಚ್ಚಿತು.

"ಪೆಟ್ಟಿಗೆ ಹೇಳ್ದಂಗೆ ಬಾರ್ಸೋ ಕಸುಬಲ್ಲ ರೀ ನಮ್ದು. ಮದುಮಕ್ಕಳ ಕಾಲು ಹೆಂಗೆ ಬೀಳ್ತವೋ ಹಂಗೆ ಬಾರ್ಸೋದು. ನಮ್ಮಪ್ಪ ಹೇಳಿಕೊಟ್ಟಿದ್ದು ಅದೊಂದೇ. ಹೆಜ್ಜೆ ಅವರದು, ಉಸಿರು ನಮ್ದು."

ಅದು ಆ ಕಡೆಯ ಬ್ಯಾಂಡಿನವರ ನೇಮವೇ ಆಗಿತ್ತು. ಇಮಾಂ ಸಾಹೇಬರು ಬೀದಿಯಲ್ಲಿ ಎಂದೂ ಮುಂದೆ ನೋಡಿ ನಡೆದವರಲ್ಲ. ಮದುಮಕ್ಕಳಿಗೆ ಮುಖ ಮಾಡಿ, ಅವರ ಪಾದಗಳ ಮೇಲೆ ಕಣ್ಣಿಟ್ಟು, ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತ ಊದುತ್ತಿದ್ದರು. ಮದುಮಗಳು ನಿಂತರೆ ರಾಗ ನಿಂತಲ್ಲೇ ಸುತ್ತಬೇಕು. ಅವಳು ನಡೆದರೆ ರಾಗ ನಡೆಯಬೇಕು.

ನಿಜ ಹೇಳುವುದಾದರೆ ಹೊಸ ಲಯ ನನಗೂ ನೋವುಂಟುಮಾಡಿತು. ಮನೆಮಠ ಸುಟ್ಟುಹೋದ ಜನರ ಸಂಗೀತ ಇಷ್ಟು ನಗುನಗುತ್ತ ಇರಬಹುದೇ? ಹಾಗೆಂದು ಬಾಯಿಬಿಟ್ಟು ಆಡಿದೆ. ಮೂಲೆಯಲ್ಲಿದ್ದ ದುರುಗವ್ವನ ಹೆಬ್ಬೆರಳು ನೆಲದ ಮೇಲೆ ತಾಳ ಹಾಕುತ್ತಿತ್ತು.

"ಬಾಂಬು ಬಿದ್ದಿದ್ದು ಆಮ್ಯಾಕಲ್ಲ ಟೀಚರಮ್ಮ? ಹಾಡು ಮೊದ್ಲಿಂದ ಇತ್ತು" ಎಂದಳು. ಹೆಬ್ಬೆರಳಿನ ತಾಳ ಬಿಡದೆ, "ಇದು ಅಳೋರ ಹಾಡಲ್ಲ ಬಿಡ್ರಿ" ಎಂದಳು.

ಅಷ್ಟರಲ್ಲಿ ಸುದ್ದಿ ಪೇಟೆಗೆ ಮುಟ್ಟಿತ್ತು. ಊರ ಯಜಮಾನರೂ ವರ್ತಕರೂ ಆದ ವೀರಭದ್ರಪ್ಪನವರು ನನ್ನನ್ನೂ ಇಮಾಂ ಸಾಹೇಬರನ್ನೂ ಕೆಂಚಪ್ಪನನ್ನೂ ಚಾವಡಿಗೆ ಕರೆಸಿದರು. ಅವರು ಒರಟರಲ್ಲ. ಮಠಕ್ಕೆ ದಾನ ಕೊಟ್ಟವರು, ಬರಗಾಲದಲ್ಲಿ ಗಂಜಿ ಹಾಕಿಸಿದವರು. ಒಳ್ಳೆಯವರ ಕೈಯಲ್ಲಿ ಅನ್ಯಾಯ ಎಷ್ಟು ಸುಖವಾಗಿ ಬದುಕುತ್ತದೆಂಬುದನ್ನು ನಾನು ಕಲಿತದ್ದು ಅವರಿಂದ. ನನಗೆ ಕಂಬಳಿ ಹಾಸಿದರು, ಸಾಹೇಬರಿಗೆ ಚಾಪೆ, ಕೆಂಚಪ್ಪ ಮೆಟ್ಟಿಲ ಕೆಳಗೆ.

ಯಾವ ವಾದ್ಯ ಬಾರಿಸುತ್ತೀರಿ, ಮೊದಲು ನಮಗೆ ಕೇಳಿಸಿ ಎಂದರು ಯಜಮಾನರು. ಇಮಾಂ ಸಾಹೇಬರು ಕಣ್ಣು ಮುಚ್ಚಿ ತಾವು ನಂಬಿದ್ದ ಹಳೆಯ ಲಯದಲ್ಲೇ ಊದಿದರು. ಬಿಳಿ ಎರಡು. ಭಾರವಾದ, ಕಾಲೆಳೆಯುವ ಐದರ ತಾಳ. ಚಾವಡಿಯಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ಬಾಯಿಗಳು ನಿಂತವು. ಮುಗಿದ ಮೇಲೆ ವೀರಭದ್ರಪ್ಪನವರು ನೆಮ್ಮದಿಯಿಂದ ನಕ್ಕರು.

"ಇದು ಸಾವಿನ ಮನಿ ವಾದ್ಯ. ಈ ಬೀದ್ಯಾಗೆ ಕೆಂಚನ ಹಲಗಿನೂ ಸಾವಿಗೇ ಕೇಳೋದು, ಹೊಸಾದೇನಲ್ಲ. ಇದನ್ನೇ, ಇದೇ ಲಯದಾಗೆ ಬಾರ್ಸಿಕೊಂಡು ಹೋಗ್ರಿ. ಯಾರೂ ಕೇಳಾಕೆ ಬರಲ್ಲ. ಟೀಚರಮ್ಮನ ಮಾತೂ ಉಳೀತು, ಊರಿನ ಮಾತೂ ಉಳೀತು."

ಯಾರೋ ಕಿಸಕ್ಕೆಂದರು. ವಾದ್ಯ ಇರಲಿ, ಆದರೆ ಮದುವೆಯ ವಾದ್ಯವಾಗಿ ಅಲ್ಲ; ನಡೆಯಿರಿ, ಆದರೆ ನಿಮ್ಮ ಹೆಣದ ಹಿಂದೆ ನೀವೇ ನಡೆದಂತೆ. ಇಷ್ಟು ನಯವಾದ ಅವಮಾನವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಈ ದಯೆಯನ್ನು ತಿರಸ್ಕರಿಸಬೇಕೆಂದು ಕೇರಿಗೆ ಹೋಗಿ ಹೇಳಿದೆ. ಕೆಂಚಪ್ಪ ತಲೆ ತಗ್ಗಿಸಿ ಕುಳಿತಿದ್ದ. ರಾಗಿ ಬೀಸುತ್ತಿದ್ದ ದುರುಗವ್ವ ಕಲ್ಲು ನಿಲ್ಲಿಸಲಿಲ್ಲ.

"ಮೊದ್ಲು ಬೀದ್ಯಾಗೆ ಕಾಲಿಡಾನ ಟೀಚರಮ್ಮ. ವಾದ್ಯ ನಿಲ್ಲಲ್ಲ ಅಂತ ಆತಲ್ಲ. ಆಮ್ಯಾಕೆ ಕಾಲು ಹೆಂಗೆ ಬೀಳ್ತವೋ ನೋಡಾನ."

ಅದರೊಳಗೆ ಏನಿತ್ತೆಂಬುದು ನನಗೆ ತಿಳಿಯಲಿಲ್ಲ. ಸೋಲನ್ನು ಒಪ್ಪಿಕೊಂಡಳು ಎಂದೇ ವ್ಯಸನಪಟ್ಟೆ.

ಮದುವೆಯ ದಿನ ಇಳಿಹೊತ್ತು. ಬಯಲಿನ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು, ದೂರದಲ್ಲಿ ಎಲ್ಲೋ ಗುಡುಗು. ಅಂಗಡಿಗಳ ಕಟ್ಟೆ, ಮಾಳಿಗೆ, ಗಾಡಿ, ಎಲ್ಲೆಲ್ಲೂ ಜನ. ಅಗಸೆಯ ಬಳಿ ಮೆರವಣಿಗೆ ಬಂದು ನಿಂತಿತು. ಅಲ್ಲಿ ನಿಲ್ಲುವುದು ತಲೆತಲಾಂತರದ ಅಭ್ಯಾಸ. ಕಾಲುಗಳು ತಾವಾಗಿಯೇ ನಿಂತವು. ಮುದುಕಿಯೊಬ್ಬಳು ಅಭ್ಯಾಸದಿಂದಲೇ ಬಗ್ಗಿ ಚಪ್ಪಲಿ ಕೈಗೆತ್ತಿಕೊಂಡಳು. ದುರುಗವ್ವ ಅವಳ ಕೈಯಿಂದ ಅವನ್ನು ತೆಗೆದು, ಮದುಮಗಳೆಂಬುದನ್ನೂ ಮರೆತು ಬಗ್ಗಿ, ಮುದುಕಿಯ ಕಾಲಿಗೆ ತೊಡಿಸಿದಳು. ಆಮೇಲೆ ತಾನು ಮುಂದಕ್ಕೆ ಹೆಜ್ಜೆಯಿಟ್ಟಳು. ಇಮಾಂ ಸಾಹೇಬರು ಊದಿದರು.

ಮೊದಲ ಬಾರಿಗೆ ಆ ಅಗಸೆಯೊಳಗೆ ಕೇರಿಯ ಮದುವೆಯ ವಾದ್ಯ ಬಂತು. ಬಂದದ್ದು ಮಾತ್ರ ಅಪ್ಪಣೆಯಾದ ಲಯದಲ್ಲೇ, ಕೆಳಗಿನ ಶ್ರುತಿಯಲ್ಲೇ. ಕಟ್ಟೆಗಳ ಮೇಲಿನವರು ನಗುತ್ತಿದ್ದರು. ಹೆಣ ಎಲ್ಲಿ, ಕಾಣಿಸ್ತಿಲ್ಲವಲ್ಲ ಎಂದು ಒಬ್ಬ ಕೂಗಿದ. ತಿಪ್ಪೇಶಿಯ ಮುಖ ಕಪ್ಪಿಟ್ಟಿತು. ದುರುಗವ್ವ ಕಣ್ಣೆತ್ತದೆ ನಡೆಯುತ್ತಿದ್ದಳು. ನಾನು ಹೆಂಗಸರ ನಡುವೆ ಅವಳ ಹಿಂದೆಯೇ ಇದ್ದೆ.

ಬೀದಿಯ ನಡುಮಧ್ಯದಲ್ಲಿ ಎಣ್ಣೆ ಗಾಣದ ಮನೆಯಿತ್ತು. ಅದರ ಎದುರಿಗೇ ವೀರಭದ್ರಪ್ಪನವರ ಅಂಗಡಿ. ಗಾಣದ ಎತ್ತು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸುತ್ತುತ್ತಿತ್ತು. ಅಲ್ಲಿಗೆ ಬಂದಾಗ ದುರುಗವ್ವನ ಹೆಜ್ಜೆ ಬದಲಾಯಿತು. ಓಡಲಿಲ್ಲ. ಅಂಗಳದಲ್ಲಿ ಕುಂಟಾಬಿಲ್ಲೆ ಆಡುವಾಗ ಹಾಕುವಂಥ ಹೆಜ್ಜೆ: ಎರಡೆಣಿಕೆಯದು ಗಿಡ್ಡ, ಮೂರೆಣಿಕೆಯದು ಉದ್ದ. ತಕ ತಕಿಟ. ಧಾರೆಯ ಸೀರೆಯ ನಿರಿಗೆ ಎತ್ತಿ ಹಿಡಿದು, ಚಪ್ಪಲಿಯ ಸದ್ದು ಕಲ್ಲಿನ ಮೇಲೆ ಕೇಳುವಂತೆ ಅವಳು ನಡೆದಳು.

ಇಮಾಂ ಸಾಹೇಬರ ಕಣ್ಣು ಆ ಪಾದಗಳ ಮೇಲಿತ್ತು. ಅವರ ಹುಬ್ಬು ಏರಿತು. ಒಂದು ಕ್ಷಣ ಅವರು ಊದುವುದನ್ನು ಬಿಟ್ಟರು, ಗಾಣದ ಕಿರುಗುಟ್ಟುವ ಸದ್ದು ಮಾತ್ರ ಕೇಳಿಸಿತು. ಬ್ಯಾಂಡು ನಿಂತೇಹೋಯಿತೆಂದುಕೊಂಡೆ. ಆಮೇಲೆ ಬಿಳಿ ಐದರಲ್ಲಿ ಕ್ಲಾರಿಯೊನೆಟ್ ಎದ್ದಿತು. ಕೆಡಿಸಿದ ಪೆಟ್ಟಿಗೆಯದೆಂದು ಅವರು ಜರೆದಿದ್ದ ಅದೇ ಶ್ರುತಿ, ಅದೇ ಗತಿ. ಆ ಜಗಳದ ದಿನಗಳಲ್ಲಿ ಅವರು ಅದನ್ನೂ ಮನೆಯೊಳಗೆ ಕದ್ದು ಕಲಿತಿದ್ದರೆಂಬುದು ಯಾರಿಗೂ ಗೊತ್ತಿರಲಿಲ್ಲ. ತಮ್ಮಂದಿರು ತಡವರಿಸಿ ಹಿಡಿದರು. ಬುಡೇನ್ ಸಾಬರ ಡೋಲಿಗೆ ಐದೂ ಕಾಲು ಒಟ್ಟಿಗೆ ಬಂದವು. ಕೆಂಚಪ್ಪ ಎಲ್ಲಿಂದಲೋ ಹಲಗೆ ತೆಗೆದಿದ್ದ. ಸಾವಿಗಲ್ಲದೆ ಆ ಬೀದಿಯಲ್ಲಿ ಎಂದೂ ನುಡಿಯದ ಹಲಗೆ ಮಗಳ ಮದುವೆಗೆ ನುಡಿಯಿತು. ಹಿಂದಿದ್ದ ಮುದುಕಿಯರು ಸೋಬಾನೆ ಎತ್ತಿದರು. ಆ ತಾಳಕ್ಕೆ ಸೋಬಾನೆ ಕೂಡುವುದಿಲ್ಲ, ಆದರೂ ಕೂಡಿತು. ತಿಪ್ಪೇಶಿ ಹೆಂಡತಿಯ ಹೆಜ್ಜೆ ನೋಡಿ ನೋಡಿ ತಾನೂ ಹಾಕತೊಡಗಿದ. ಬುಡೇನ್ ಸಾಬರು ಹೆದರಿದಂತೆ ಚರಂಡಿಗೆ ಬೀಳಲಿಲ್ಲ.

ಕಟ್ಟೆಗಳ ಮೇಲಿನ ನಗು ನಿಂತಿತು. ಎರಡು ಕಲ್ಲು ಬಿದ್ದವು. ಒಂದು ಡೋಲಿಗೆ, ಒಂದು ಸಾಹೇಬರ ಭುಜಕ್ಕೆ. ವಾದ್ಯ ನಿಲ್ಲಲಿಲ್ಲ. ಗುಡಿಯ ತಿರುವಿನ ತನಕ ನಿಲ್ಲಲಿಲ್ಲ.

ಚಾವಡಿಯಲ್ಲಿ ಮರುದಿನ ವಿಚಾರಣೆಯಾಯಿತು. ಮಾತಿಗೆ ಏಕೆ ತಪ್ಪಿದಿರಿ ಎಂದು ವೀರಭದ್ರಪ್ಪನವರು ಇಮಾಂ ಸಾಹೇಬರನ್ನು ಕೇಳಿದರು. "ಜನಾಬ್, ನಮ್ದು ಹೆಜ್ಜೆ ನೋಡಿ ಬಾರ್ಸೋ ಕಸುಬು. ನಿಮ್ಮ ಮನಿ ಮದ್ವ್ಯಾಗೂ ಹಂಗೇ ಬಾರ್ಸಿದೀವಿ. ಹಿಂಗೇ ಇರಬೇಕು ಅಂತ ನೀವು ವಾದ್ಯಕ್ಕೆ ಅಂದಿದ್ರಿ, ಹೆಜ್ಜೆಗೆ ಅಂದಿರಲಿಲ್ಲ" ಎಂದರು ಸಾಹೇಬರು, ಭುಜಕ್ಕೆ ಅರಿಸಿನದ ಪಟ್ಟಿ ಕಟ್ಟಿಕೊಂಡು.

ಬೆಲೆ ತೆತ್ತೆವು. ಆ ಋತುವಿನ ಉಳಿದ ಮದುವೆಗಳಿಗೆ ಪೇಟೆಯವರು ಈ ಬ್ಯಾಂಡನ್ನು ಕರೆಯಲಿಲ್ಲ. ಕೇರಿಯವರಿಗೆ ಮುಂಗಾರಿನ ಬಿತ್ತನೆಯಲ್ಲಿ ಕೂಲಿ ಕೊಡಲಿಲ್ಲ. ಹಸಿವಿನಿಂದ ಮನುಷ್ಯರನ್ನು ಬಗ್ಗಿಸುವುದು ಎಲ್ಲ ಕಟ್ಟಳೆಗಳ ಕಟ್ಟಕಡೆಯ ಆಯುಧ. ದುರುಗವ್ವ ಗಂಡನ ಊರಿನಿಂದ ಕಾಳು ಹೊತ್ತು ತಂದು ತೌರಿನವರನ್ನು ಸಾಕಿದಳು. ನನ್ನನ್ನು ಜಗಳೂರಿಗೆ ವರ್ಗ ಮಾಡಿದರು. ಅದು ಶಿಕ್ಷೆಯೆಂದು ಇಲಾಖೆಯವರು ಭಾವಿಸಿದ್ದರು. ಅಲ್ಲಿಯೂ ಶಾಲೆಗೆ ಜಗಲಿಯಿತ್ತು, ಜಗಲಿಯ ಮೇಲೆ ಮಕ್ಕಳಿದ್ದರು. ಹೋದ ದಿನವೇ ಒಳಗೆ ಕೂರಿಸಿದೆ.

ನಾನು ಹೊರಡುವ ಮೊದಲೇ ಪೇಟೆಯಲ್ಲಿ ಒಂದು ಸಾವಾಯಿತು, ವೀರಭದ್ರಪ್ಪನವರ ಅಣ್ಣನದು. ಹಲಗೆಗೆ ಹೇಳಿಕಳಿಸಿದರು. ಕೂಲಿಯಿಲ್ಲದೆ, ಒಲೆ ಹೊತ್ತದೆ ಕುಳಿತಿದ್ದ ಕೆಂಚಪ್ಪ ಹೋಗಲಿಲ್ಲ. ಮದುವೆಗೆ ಬೇಡವಾದ ವಾದ್ಯ ಸಾವಿಗೂ ಬೇಡ ಎಂದು ಹೇಳಿಕಳಿಸಿದ. ಜೀವಮಾನವಿಡೀ ತಲೆ ತಗ್ಗಿಸಿದ್ದವನು ಅವನು. ಆ ಹೆಣ ಪೇಟೆ ಬೀದಿಯಲ್ಲಿ ಸದ್ದಿಲ್ಲದೆ ಹೋಯಿತು. ಸದ್ದಿಲ್ಲದೆ ಆ ಬೀದಿ ದಾಟುವುದು ಹೇಗಿರುತ್ತದೆಂದು ಅವರಿಗೆ ಅಂದು ತಿಳಿಯಿತು.

ಕೂಲಿಗೆ ಜನ ಬೇಕು, ಮದುವೆಗೆ ಬ್ಯಾಂಡು ಬೇಕು. ಕಳೆ ತೆಗೆಯುವ ಹೊತ್ತಿಗೆ ಆ ಬಹಿಷ್ಕಾರ ಸಡಿಲಿತೆಂದು ಕೇಳಿದೆ. ಇಮಾಂ ಸಾಹೇಬರು ಅಷ್ಟರಲ್ಲಿ ಬೇರೆ ಊರುಗಳಿಗೆ ಹೋಗಿ ಬಾರಿಸತೊಡಗಿದ್ದರು. ಯುದ್ಧದ ವರ್ಷಗಳಲ್ಲಿ ಒಮ್ಮೆ ಬಿಳಿಚೋಡಿನ ಕುರಿಗಾಹಿಗಳ ಮದುವೆಯೊಂದರಲ್ಲಿ ಆ ಐದರ ತಾಳ ಕೇಳಿ ಓಡಿಹೋದೆ. ಬಾರಿಸುತ್ತಿದ್ದವರು ಚನ್ನಗಿರಿಯ ಬ್ಯಾಂಡಿನವರು. ಎಲ್ಲಿಂದ ಕಲಿತಿರೆಂದರೆ, ಹೊನ್ನಾಳಿಯವರಿಂದ ಎಂದರು. ಯಾವ ರಾಗವೆಂದು ಕೇಳಿದರೆ, "ದುರುಗವ್ವನ ನಡಿಗೆ" ಎಂದರು. ಬಾಸ್ಕ್ ನಾಡಿನ ಹೆಸರು ಹರಿದ ಕಾಗದದಂತೆ ದಾರಿಯಲ್ಲೆಲ್ಲೋ ಉದುರಿತ್ತು. ನನಗೆ ಬೇಸರವಾಗಲಿಲ್ಲ. ಸಂತೆಯ ಮೇಲೆ ಬಾಂಬು ಹಾಕಿದವರು ಅಳಿಸಹೊರಟದ್ದು ಒಂದು ಜನದ ನಡಿಗೆಯನ್ನು. ಆ ನಡಿಗೆ ಜಗಳೂರಿನ ಕಲ್ಲುಬಯಲಲ್ಲಿ ಬದುಕಿತ್ತು.

ರೇಡಿಯೋ ಕೇಳಿದ ಮರುವಾರ ನ್ಯಾಮತಿಗೆ ಹೋದೆ. ದುರುಗವ್ವ ಗೋವಿನಕೋವಿಯಿಂದ ಬಂದಳು. ಕೂದಲು ನರೆತಿದೆ, ಪ್ರಶ್ನೆ ಕೇಳುವ ಚಾಳಿ ಹೋಗಿಲ್ಲ. ಅಗಸೆಯ ಬಳಿ ಚಹಾದಂಗಡಿಯಲ್ಲಿ ಕುಳಿತೆವು. ಅಲ್ಲಿ ಈಗಲೂ ಕೇರಿಯವರಿಗೆ ಬೇರೆ ಲೋಟ. ನಾನು ಜಗಳವಾಡಿ ಗಾಜಿನ ಲೋಟ ತರಿಸಿದೆ. ಕಾನೂನು ಬಂದಿದೆ, ಸ್ವರಾಜ್ಯ ಬಂದಿದೆ, ವಕೀಲರು ಹೇಳಿದಂತೆ ಯಾವುದೂ ತಾನಾಗಿ ಉದುರಿಲ್ಲ.

ಆಗ ಬೀದಿಯಲ್ಲಿ ಮದುವೆಯ ಮೆರವಣಿಗೆ ಬಂತು. ವೀರಭದ್ರಪ್ಪನವರ ಮೊಮ್ಮಗನದು, ದೊಡ್ಡ ಖರ್ಚಿನದು. ಮುಂದೆ ಕೆಂಪು ಕೋಟಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದವರು ಇಮಾಂ ಸಾಹೇಬರ ಮಗ. ಅಗಸೆಯಿಂದ ಬಿಳಿ ಎರಡರಲ್ಲಿ ಭಾರವಾಗಿ ಶುರುವಾಯಿತು. ನಾವಿಬ್ಬರೂ ಹಿಂದೆ ಹಿಂದೆ ನಡೆದೆವು. ಗಾಣ ಹೋಗಿ ಅಲ್ಲಿ ಬಟ್ಟೆಯಂಗಡಿ ಬಂದಿದೆ. ಅದರ ಮುಂದೆ ಬಂದಾಗ ಕ್ಲಾರಿಯೊನೆಟ್ ಒಂದು ಕ್ಷಣ ಉಸಿರು ಹಿಡಿಯಿತು, ಆಮೇಲೆ ಬಿಳಿ ಐದಕ್ಕೆ ಜಿಗಿಯಿತು. ಮದುಮಗಳು ನಗುತ್ತ ನಿರಿಗೆ ಎತ್ತಿಕೊಂಡು ಹೆಜ್ಜೆ ಬದಲಿಸಿದಳು.

ಬ್ಯಾಂಡು ಗುಡಿಯ ಬಳಿ ದಣಿವಾರಿಸಿಕೊಳ್ಳುವಾಗ ನಾನು ಆ ಮಗನನ್ನು, ಅಲ್ಲೇ ಏಕೆ ಜೋರು ಮಾಡುತ್ತೀರಿ ಎಂದು ಕೇಳಿದೆ. "ಗೊತ್ತಿಲ್ಲ ರೀ. ಅಲ್ಲಿ ಬದಲಾಯಿಸದಿದ್ರೆ ಮದ್ವೆ ಆದಂಗೆ ಅಲ್ಲ ಅಂತಾರೆ ಪೇಟೆಯೋರು" ಎಂದ.

ದುರುಗವ್ವ ಗುಡಿಯ ಹೊರಗಲ್ಲಿನ ಮೇಲೆ ಕುಳಿತು ಚಪ್ಪಲಿಯ ಧೂಳು ಕೊಡವುತ್ತಿದ್ದಳು. ಕೊಡವಿ, ಮತ್ತೆ ಕಾಲಿಗೆ ಹಾಕಿಕೊಂಡು, "ಅವರ ಮದ್ವೆಗೂ ನನ್ನ ಹೆಜ್ಜೇನೇ ಬೇಕಾತಲ್ಲ ಟೀಚರಮ್ಮ" ಎಂದಳು. ಎದ್ದು, ನನಗಾಗಿ ಕಾಯದೆ, ಅಂದು ಕೇರಿಯವರನ್ನು ಒಳಗೆ ಬಿಡದಿದ್ದ ಗುಡಿಯ ಬಾಗಿಲ ಕಡೆಗೆ ನಡೆದಳು.